ಇಂಗ್ಲೆಂಡಿನಲ್ಲಿ ನರಗುಂದದ ಬಾಬಾಸಾಹೇಬ

ತಮ್ಮಾ, ರೋಣದಿಂದ ನಿನ್ನ ಕಾಕಾ ಬರೆಯುವುದು.

ಆಗಸ್ಟ್ 15ಕ್ಕೆ ನಿಮ್ಮೂರಿನ ಭಾರತೀಯ ಕುಟುಂಬಗಳೆಲ್ಲ ಕೂಡುವ ಕಾರ್ಯಕ್ರಮದ ಜವಾಬ್ದಾರಿ ಈ ಸಲ ನಿನಗೆ ಬಂದಿದೆ ಎಂದು ತಿಳಿದು ಸಂತೋಷವಾಯಿತು. ಊಟ, ಬಾವುಟ, ಮೈಕು ಅಂತ ಉದ್ದಕ್ಕೆ ಕೇಳಿದ್ದೀ. ಆದರೆ ನಿನ್ನ ನಿಜವಾದ ಅಳುಕು ಇರುವುದು ಕಟ್ಟಕಡೆಗೆ ಬರೆದ ಮಾತಿನಲ್ಲಿ. ಮಕ್ಕಳ ಕೈಲಿ ನರಗುಂದದ ಬಾಬಾಸಾಹೇಬನ ನಾಟಕ ಆಡಿಸುವ ಆಸೆ, ಇಂಗ್ಲಿಷ್ ನೆರೆಯವರನ್ನೂ ಊರಿನ ಮೇಯರ್ ಅವರನ್ನೂ ಕರೆದಾಗಿದೆ, ಅವರಿಗೆ ಏನನಿಸೀತು ಎಂದು ಕೇಳಿದ್ದೀಯಲ್ಲ, ಮೊದಲು ಅದನ್ನೇ ಮಾತಾಡೋಣ.

ಆಡಿಸು. ಆಡಿಸಿದರೆ ಪೂರ್ತಿ ಆಡಿಸು.

ನಮ್ಮ ಕಡೆ ಶಾಲೆಯ ಗ್ಯಾದರಿಂಗಿನಲ್ಲಿ ಈ ನಾಟಕ ಹೇಗೆ ನಡೆಯುತ್ತದೆಂದು ನೀನೇ ನೋಡಿದವ. ಟೊಪ್ಪಿಗೆ ಹಾಕಿದ ಸಾಹೇಬ ಒಬ್ಬ ತೊದಲು ಕನ್ನಡದಲ್ಲಿ ಅಬ್ಬರಿಸುತ್ತಾನೆ, ಮೀಸೆ ಅಂಟಿಸಿಕೊಂಡ ಹುಡುಗ ಖಡ್ಗ ಹಿರಿಯುತ್ತಾನೆ, ಜೈಕಾರದೊಂದಿಗೆ ಪರದೆ ಬೀಳುತ್ತದೆ. ಅದನ್ನೇ ಅಲ್ಲಿ ಆಡಿಸಿದರೆ ನಿನ್ನ ನೆರೆಯವನಿಗೆ ಬೇಸರವಾದೀತು, ಆಗಬೇಕಾದದ್ದೇ. ಆದರೆ ನಡೆದದ್ದು ಅಷ್ಟು ಸಸಾರದ ಕತೆಯಲ್ಲ. ನರಗುಂದದ ಸಂಸ್ಥಾನಿಕ ಬಾಬಾಸಾಹೇಬನಿಗೆ, ಅಂದರೆ ಭಾಸ್ಕರರಾವ ಭಾವೆಗೆ, ಮಗನಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಲಿಲ್ಲ, ಅಂದರೆ ಅವನ ಕಾಲಾನಂತರ ಸಂಸ್ಥಾನವೇ ಇಲ್ಲ. ಅದರ ಮೇಲೆ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂತು. ಪುಸ್ತಕ ಕೂಡಿಸುವ ಹವ್ಯಾಸದ, ಸಂಸ್ಕೃತ ಗ್ರಂಥಗಳ ಭಂಡಾರವನ್ನೇ ಇಟ್ಟುಕೊಂಡಿದ್ದ ಮನುಷ್ಯ ಬಂಡಾಯಕ್ಕೆ ಇಳಿದದ್ದು ಇದರಿಂದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬನ ಕಡೆಯವರು ಕೊಂದರು. ರುಂಡವನ್ನು ನರಗುಂದಕ್ಕೆ ತಂದು ಅಗಸಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಸೈನ್ಯ ಬಂತು, ಗುಡ್ಡದ ಮೇಲಿನ ಕೋಟೆ ಕೈಬಿಟ್ಟಿತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಮನೆಯ ಹೆಣ್ಣುಮಕ್ಕಳು ಮಲಪ್ರಭೆಗೆ ಹಾರಿದರು. ಎಲ್ಲ ಸೇರಿ 15 ದಿನದ ಮಾತು.

ರುಂಡದ ಸಂಗತಿಯನ್ನು ಕಮಿಟಿಯವರು ತೆಗೆದುಹಾಕು ಎಂದಾರು. ರಂಗದ ಮೇಲೆ ತೋರಿಸಬೇಡ, ಮಕ್ಕಳ ನಾಟಕ ಅದು. ಆದರೆ ಸೂತ್ರಧಾರನ ಬಾಯಿಂದ ಒಂದು ಮಾತಿನಲ್ಲಿ ಹೇಳಿಸು, ಗಲ್ಲನ್ನು ಹೇಳಿದಷ್ಟೇ ಸಮ ದನಿಯಲ್ಲಿ. ನಮ್ಮವರು ಮಾಡಿದ್ದನ್ನು ನಾವೇ ಮುಚ್ಚಿಡದೆ ಹೇಳಿದಾಗ, ಅವರ ಹಿರಿಯರು ಮಾಡಿದ್ದನ್ನು ಅವರೂ ತಲೆ ತಗ್ಗಿಸದೆ, ಮುಖ ತಿರುಗಿಸದೆ ಕೇಳುತ್ತಾರೆ. ಇನ್ನೊಂದು ಸಂಗತಿಯನ್ನೂ ಅವರ ಕಿವಿಗೆ ಹಾಕು. ಹಲಗಲಿ ಬೇಡರ ಲಾವಣಿ, ಸಂಗೊಳ್ಳಿ ರಾಯಣ್ಣನ ಲಾವಣಿ ಮೊದಲು ಅಚ್ಚಾದದ್ದು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯಿಂದ. ತನ್ನ ಸರಕಾರದ ವಿರುದ್ಧ ಎದ್ದವರ ಹಾಡನ್ನು ಬರೆಯಿಸಿಕೊಂಡು, ಇಂಗ್ಲಿಷ್ ಅರ್ಥ ಬರೆದು, 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ. ಮೇಯರ್ ಅವರಿಗೆ ಹಾರ ಹಾಕುವುದಕ್ಕಿಂತ ಇದನ್ನು ಹೇಳುವುದು ಹೆಚ್ಚಿನ ಮರ್ಯಾದೆ.

ನಿಮ್ಮಲ್ಲಿ ಮರಾಠಿ ಮನೆಗಳೂ ಬಹಳ ಇವೆ ಅಂದಿದ್ದೀ. ಭಾವೆ ಮನೆತನದ ಮಾತು ಮರಾಠಿ, ಆಳಿದ ಮಂದಿಯ ಮಾತು ಕನ್ನಡ. ಹಾಗಾಗಿ ಈ ನಾಟಕದಲ್ಲಿ ಅವರ ಮಕ್ಕಳಿಗೂ ಹಕ್ಕಿನ ಪಾತ್ರವಿದೆ. ರಾಮದುರ್ಗದ ಸಂಸ್ಥಾನಿಕನೂ ಅದೇ ಭಾವೆ ಮನೆತನದವ, ಆದರೆ ಅವನು ಬಂಡಾಯಕ್ಕೆ ಕೂಡಲಿಲ್ಲ. ಆ ಪಾತ್ರವನ್ನು ಬಿಡಬೇಡ, ಜಾಣ ಹುಡುಗನಿಗೆ ಕೊಡು. ನಿರೂಪಣೆ ಯಾವ ಭಾಷೆಯಲ್ಲಿ ಇರಬೇಕೆಂದು ಜಗಳ ಎದ್ದರೆ, ಮರಾಠರೂ ಟಿಪ್ಪು ಸುಲ್ತಾನನೂ ಯುದ್ಧ ಮುಗಿಸಿ 1787ರಲ್ಲಿ ನಮ್ಮ ಗಜೇಂದ್ರಗಡದಲ್ಲೇ ಒಪ್ಪಂದ ಮಾಡಿಕೊಂಡರೆಂದು ನೆನಪಿಸು. ನಿಮ್ಮ ಕಮಿಟಿಯ ಜಗಳ ಅದಕ್ಕಿಂತ ದೊಡ್ಡದಿರಲಾರದು. ಸಂಭಾಷಣೆ ಕನ್ನಡ-ಮರಾಠಿಯಲ್ಲಿರಲಿ, ಸೂತ್ರಧಾರನ ಮಾತು ಇಂಗ್ಲಿಷಿನಲ್ಲಿರಲಿ.

ಸಾಧ್ಯವಾದರೆ ಸೂತ್ರಧಾರ ಕೊನೆಗೆ ಇನ್ನೊಂದು ಮಾತು ಹೇಳಲಿ: 1980ರ ಜುಲೈ 21ರಂದು ಅದೇ ನರಗುಂದದಲ್ಲಿ ರೈತರು ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದರು, ಆಗ ಇದ್ದದ್ದು ನಮ್ಮದೇ ಸರಕಾರ. ಇದಕ್ಕೆ ಕೆಲವರು ಮುಖ ಗಂಟಿಕ್ಕಿಯಾರು. ಗಂಟಿಕ್ಕಲಿ.

ಇನ್ನು ವೇದಿಕೆಯ ವಿಚಾರ. ನೀನು ಕಳಿಸಿದ ಕಾರ್ಯಕ್ರಮ ಪಟ್ಟಿಯಲ್ಲಿ ಸ್ವಾಗತ, ಗಣ್ಯರ ಪರಿಚಯ, ಸನ್ಮಾನ, ಪ್ರಾಯೋಜಕರ ಮಾತು, ಅಧ್ಯಕ್ಷೀಯ ಭಾಷಣ ಎಲ್ಲ ಇವೆ. ತಮ್ಮಾ, ಇದು ನಾವು ಇಲ್ಲಿ ಬೆಳೆಸಿದ ರೋಗ, ವೀಸಾ ಕೊಡಿಸಿ ಅಲ್ಲಿಗೂ ಯಾಕೆ ಕರೆದೊಯ್ದೆ? ಜನಗಣಮನಕ್ಕೆ 52 ಸೆಕೆಂಡು ಸಾಕು, ಗಣ್ಯರಿಗೆ ಯಾಕೆ ಅರ್ಧ ತಾಸು? ಧ್ವಜವಂದನೆ, ಮೇಯರ್ ಅವರ ನಾಲ್ಕು ಮಾತು, ನಾಟಕ, ಒಂದು ಹಾಡು, ಊಟ. ಹಾಡಿಗೆ ಡಿಜೆ ಬೇಕೆಂದು ಹುಡುಗರು ಹಟ ಹಿಡಿದಿದ್ದಾರಂತೆ. ಊಟದ ನಂತರ ಕುಣಿಯಲಿ. ಅದಕ್ಕೂ ಮುಂಚೆ, ದೂರದರ್ಶನ 1988ರ ಆಗಸ್ಟ್ 15ರಂದು ಮೊದಲ ಬಾರಿ ತೋರಿಸಿದ ಆ ಹಲವು ಭಾಷೆಗಳ ಹಾಡನ್ನು ಹಚ್ಚು. ಅದು ಶುರುವಾಗುವುದೇ ಭೀಮಸೇನ ಜೋಶಿಯವರ ದನಿಯಿಂದ. 1922ರಲ್ಲಿ ರೋಣದಲ್ಲಿ ಹುಟ್ಟಿದವರು ಎಂದು ಸುಮ್ಮನೆ ಒಂದು ಮಾತು ಸೇರಿಸು. ತನ್ನ ಭಾಷೆಯ ಸಾಲು ಬಂದಾಗ ಪ್ರತಿ ಮನೆಯವರೂ ದನಿಗೂಡಿಸುತ್ತಾರೆ, ಯಾರನ್ನೂ ವೇದಿಕೆಗೆ ಕರೆಯುವ ಕೆಲಸವಿಲ್ಲ.

ಯುಗಾದಿ, ದೀಪಾವಳಿಗೆ ಅಲ್ಲಿ 1983ರಿಂದ ಕನ್ನಡ ಬಳಗವಿದೆ, ಆ ಹಬ್ಬ ನಮ್ಮ ಮನೆಯದು. ಆಗಸ್ಟ್ 15 ಎಲ್ಲರದು, ಅದನ್ನು ಕನ್ನಡದ ಕಾರ್ಯಕ್ರಮ ಮಾಡಲು ಹೋಗಬೇಡ. ಆದರೆ ಪ್ರತಿ ಮನೆಯವರೂ ತಮ್ಮ ಊರಿನ ಆಗಸ್ಟ್ 15 ತರಲಿ. ನೀನು ನರಗುಂದ ತಂದೆ, ಬರುವ ವರ್ಷ ತೆಲುಗಿನವರು, ಪಂಜಾಬಿನವರು ತಮ್ಮದನ್ನು ತರುತ್ತಾರೆ. ದೆಹಲಿಯ ಕೆಂಪುಕೋಟೆಯನ್ನು ಎಲ್ಲರೂ ಟಿವಿಯಲ್ಲೇ ನೋಡಿದವರು.

ಊಟದ ಬಗ್ಗೆ ನೀನು ಎಚ್ಚರ ತಪ್ಪಬಾರದು. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ ಮಾಡುತ್ತೇವೆಂದು ಓದಿ ಬಾಯಲ್ಲಿ ನೀರೂರಿತು. ಆದರೆ ಬ್ರಿಟನ್ನಿನ ಕಾಯ್ದೆ ಅಲರ್ಜಿಯ 14 ಪದಾರ್ಥಗಳ ಪಟ್ಟಿ ಮಾಡಿದೆ. ಶೇಂಗಾ, ಎಳ್ಳು, ಸಾಸಿವೆ, ಗೋದಿ, ಹಾಲು, ಗೋಡಂಬಿ ಎಲ್ಲ ಅದರಲ್ಲಿವೆ, ಅಂದರೆ ನಮ್ಮ ಅಡಿಗೆಮನೆಯ ಅರ್ಧ ಡಬ್ಬಿಗಳು. ಹಿಂಡಿ ಕಣ್ಣಿಗೆ ಕಾಣುತ್ತದೆ, ತಿನ್ನದವರು ಬಿಟ್ಟಾರು. ಎಣ್ಣೆಗಾಯಿ ಹಾಗಲ್ಲ. ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾಪುಡಿ, ಗುರೆಳ್ಳು ತುಂಬಿದ್ದು ತಿನ್ನುವವನಿಗೆ ಹೇಗೆ ಗೊತ್ತಾಗಬೇಕು? ಪ್ರತಿ ಪಾತ್ರೆಯ ಮುಂದೆ ಏನೇನು ಬಿದ್ದಿದೆ ಎಂದು ದಪ್ಪಕ್ಷರದಲ್ಲಿ ಬರೆದ ಚೀಟಿ ಇಡು. ಶೇಂಗಾ ಬಿದ್ದ ಅಡಿಗೆಗೆಲ್ಲ ಬೇರೆ ಮೇಜು, ಬೇರೆ ಸೌಟು, ಅಲ್ಲಿ ನಿಲ್ಲಲು ಒಬ್ಬರು ಹಿರಿಯರು. ಗೋದಿ ಒಗ್ಗದವರಿಗೆ ಮಾತ್ರ ಜೋಳದ ರೊಟ್ಟಿ ವರದಾನ, ಹಿಟ್ಟಿನಲ್ಲಿ ಗೋದಿ ಬೆರೆತಿಲ್ಲವೆಂದು ಪಾಕೀಟು ನೋಡಿಕೊಳ್ಳಬೇಕು. ಧಾರವಾಡ ಪೇಡೆ ತರಿಸುವ ಆಸೆ ಬಿಟ್ಟುಬಿಡು. ಭಾರತದಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಅಲ್ಲಿಯವರು ಒಪ್ಪುವುದಿಲ್ಲ, ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹೋಗುತ್ತದೆ.

2026ರ ಆಗಸ್ಟ್ 15 ಶನಿವಾರ ಬಂದದ್ದು ನಿನ್ನ ಅದೃಷ್ಟ, ಮುಂದಿನ ಭಾನುವಾರಕ್ಕೆ ಹಬ್ಬ ಸರಿಸುವ ತಾಪತ್ರಯವಿಲ್ಲ. ಆದರೆ ಅಲ್ಲಿ ಶಾಲೆಗಳ ಬೇಸಿಗೆ ರಜೆ ಅದೇ ಹೊತ್ತಿಗೆ, ಅರ್ಧ ಮಕ್ಕಳು ಊರಿಗೆ ಬಂದಿರುತ್ತಾರೆ. ಬಾಬಾಸಾಹೇಬನ ಪಾತ್ರ ಕೊಡುವ ಮುಂಚೆ ಅವರಪ್ಪನ ಟಿಕೆಟ್ಟಿನ ತಾರೀಖು ಕೇಳು.

ದುಡ್ಡಿನ ಬಗ್ಗೆ ಒಂದೇ ಮಾತು. ಕಾರ್ಯಕ್ರಮ ಮುಗಿದ ವಾರದೊಳಗೆ ಜಮಾ-ಖರ್ಚು ಎಲ್ಲರಿಗೂ ಕಳಿಸು, ಉಳಿಕೆ ಎರಡು ಪೌಂಡ್ ಇದ್ದರೂ ಬರೆ.

ಬಾವುಟವನ್ನು ಅಲ್ಲಿ ಆನ್‌ಲೈನ್ ತರಿಸಬೇಡ. 2021ರ ತಿದ್ದುಪಡಿಯಾದ ಮೇಲೆ ಪಾಲಿಯೆಸ್ಟರ್ ಬಾವುಟಕ್ಕೂ ಕಾಯ್ದೆಯ ಅಡ್ಡಿಯಿಲ್ಲ, ನಿಜ. ಆದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಣ್ಣುಮಕ್ಕಳು ಹೊಲಿದ ಖಾದಿ ಬಾವುಟ ನಮ್ಮ ಕೈಯಳತೆಯಲ್ಲಿ ಸಿಗುವಾಗ ಅದು ಯಾಕೆ? ಯೂನಿಯನ್ ಜ್ಯಾಕನ್ನೂ ಹಾರಿಸುವುದಾದರೆ ಎರಡಕ್ಕೂ ಬೇರೆ ಕಂಬ, ಒಂದೇ ಎತ್ತರ, ಹೆಚ್ಚುಕಡಿಮೆ ಒಂದೇ ಅಳತೆ ಇರಬೇಕು. ಅದಕ್ಕೇ ಕೇಳುತ್ತಿದ್ದೇನೆ, ಸಭಾಂಗಣದವರ ಹತ್ತಿರ ಇರುವ ಯೂನಿಯನ್ ಜ್ಯಾಕಿನ ಅಳತೆ ಎಷ್ಟು? ಒಳಾಂಗಣಕ್ಕೆ 900 ಮಿಲಿಮೀಟರ್‌ಗೆ 600 ಸಾಕೆಂದು ನನ್ನ ಅಂದಾಜು, ಅದರ ಮೇಲಿನದು 1350ಕ್ಕೆ 900. ನಿನ್ನ ಅತ್ತಿ ಮುಂದಿನ ತಿಂಗಳು ಮಗಳ ಮನೆಗೆಂದು ಅಲ್ಲಿಗೆ ಹೊರಟಿದ್ದಾಳೆ. ಅವಳ ಪೆಟ್ಟಿಗೆಯಲ್ಲಿ ಕಟಕ ರೊಟ್ಟಿಯ ಡಬ್ಬಿಗೆ ಆಗಲೇ ಜಾಗ ಹಿಡಿದಾಗಿದೆ, ಬೇಗ ತಿಳಿಸು.

ನಿನ್ನ
ಕಾಕಾ