ದಪ್ಪ ಸರಿಯಿದೆ, ಆದರೂ ಸೋರುತ್ತಿದೆ

ಪ್ರಶ್ನೆ: ನಾನು ಪೆಟ್ರೋಕೆಮಿಕಲ್ ಘಟಕವೊಂದರಲ್ಲಿ ಫಿಟ್ಟರ್. ಹೈಡ್ರೋಜನ್ ಪೈಪಿನ ದಪ್ಪ ಸರಿಯಿದೆ ಎನ್ನುತ್ತದೆ ತಪಾಸಣಾ ವರದಿ. ಆದರೂ ಘಟಕ ಚಾಲೂ ಮಾಡುವಾಗಲೆಲ್ಲ ಫ್ಲೇಂಜ್ ಬಳಿ ಸೋರುತ್ತದೆ. ಮೇಲಿನವರು ‘ಮಾಮೂಲಿ’ ಎನ್ನುತ್ತಾರೆ. ಭಯಪಡಬೇಕೇ?

ಉತ್ತರ: ಆ ‘ಮಾಮೂಲಿ’ಯನ್ನು ಒಪ್ಪಿಕೊಳ್ಳಬೇಡಿ. ಫ್ಲೇಂಜ್ ಸೋರಲು ಗ್ಯಾಸ್ಕೆಟ್ ಕಾರಣವಿರಬಹುದು. ಆದರೆ ದಪ್ಪ ಸರಿಯಿದೆ ಎಂದಮಾತ್ರಕ್ಕೆ ಪೈಪು ಗಟ್ಟಿಯಿದೆ ಎನ್ನಲಾಗದು. ತುಕ್ಕು ಲೋಹವನ್ನು ಸವೆಸುತ್ತದೆ, ಅಳತೆಗೆ ಸಿಗುತ್ತದೆ. ಹೆಚ್ಚಿನ ಉಷ್ಣತೆ, ಒತ್ತಡದಲ್ಲಿ ಹೈಡ್ರೋಜನ್ ಉಕ್ಕಿನೊಳಗೇ ನುಸುಳಿ, ಅಲ್ಲಿನ ಇಂಗಾಲದೊಡನೆ ಸೇರಿ ಮೀಥೇನ್ ಆಗುತ್ತದೆ. ಹೊರಬರಲಾಗದ ಆ ಅನಿಲ ಒಳಗೇ ಬಿರುಕು ಮೂಡಿಸುತ್ತದೆ. ಗೆದ್ದಲು ತಿಂದ ತೊಲೆಯಂತೆ, ಹೊರಗೆ ಏನೂ ಕಾಣದು.

2010ರ ಏಪ್ರಿಲ್ 2ರಂದು ಅಮೆರಿಕದ ಆನಕೋರ್ಟಿಸ್ ತೈಲ ಶುದ್ಧೀಕರಣಾಗಾರದಲ್ಲಿ ಶಾಖ ವಿನಿಮಯಕವೊಂದು ಹೀಗೆಯೇ ಒಡೆದು 7 ಮಂದಿ ಸತ್ತರು. ಅಲ್ಲಿಯೂ ಚಾಲೂ ಮಾಡುವಾಗಿನ ಸೋರಿಕೆ ರೂಢಿಯಾಗಿತ್ತು. ಅದನ್ನು ನಿಭಾಯಿಸಲು ಹೆಚ್ಚುವರಿ ಜನರನ್ನೂ ಕರೆಸಲಾಗಿತ್ತು.

ಪ್ರತಿ ಸೋರಿಕೆಯನ್ನೂ ಬರವಣಿಗೆಯಲ್ಲಿ ದಾಖಲಿಸಿ. ಪೈಪು ಯಾವ ಉಕ್ಕಿನದು, ಅದರೊಳಗಿನ ನಿಜವಾದ ಉಷ್ಣತೆ ಎಷ್ಟು ಎಂದು ಕೇಳಿ. ಬರೀ ಕಾರ್ಬನ್ ಉಕ್ಕಾಗಿದ್ದು ಬಿಸಿಯೂ ಹೆಚ್ಚಿದ್ದರೆ, ಒಳಬಿರುಕು ಹುಡುಕುವ ವಿಶೇಷ ಅಲ್ಟ್ರಾಸೋನಿಕ್ ಪರೀಕ್ಷೆಗೆ ಒತ್ತಾಯಿಸಿ. ಕ್ರೋಮಿಯಂ-ಮಾಲಿಬ್ಡಿನಂ ಸೇರಿದ ಉಕ್ಕು ಹೈಡ್ರೋಜನ್‌ನ ಈ ದಾಳಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ.

ಹೈಡ್ರೋಜನ್‌ಗೆ ವಾಸನೆಯಿಲ್ಲ, ಗಾಳಿಯಲ್ಲಿ ಶೇ 4ರಷ್ಟಿದ್ದರೂ ಹೊತ್ತಿಕೊಳ್ಳಬಲ್ಲದು. ಹಗಲಲ್ಲಿ ಅದರ ಜ್ವಾಲೆ ಕಾಣುವುದೇ ಕಷ್ಟ. ಆದ್ದರಿಂದ ಸೋರಿಕೆ ಕಂಡಾಗ ದೂರ ಸರಿದು ಕಂಟ್ರೋಲ್ ರೂಮಿಗೆ ತಿಳಿಸಿ. ಒತ್ತಡವಿರುವಾಗ ಯಾರೇ ಹೇಳಿದರೂ ಬೋಲ್ಟ್ ಬಿಗಿಮಾಡಲು ಹೋಗಬೇಡಿ.