ಹಗಲಿನ ಬಿಸಿಲು, ಇರುಳಿನ ದೀಪ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ಎಡೆದೊರೆ ನಾಡೇ ರಾಯಚೂರು ಸೀಮೆ. ಈ ನಾಡಿನಲ್ಲಿ ಮಳೆಗೆ ಬಡತನವುಂಟು, ಬಿಸಿಲಿಗಿಲ್ಲ. ಮಾನ್ವಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯೂ ದೇವದುರ್ಗದ ಕಡೆಗೆ ನಾರಾಯಣಪುರದ ಬಲದಂಡೆ ಕಾಲುವೆಯೂ ನೀರನ್ನು ತರುತ್ತವೆ. ಆದರೆ ಕಾಲುವೆ ಮುಟ್ಟದ ಹೊಲಕ್ಕೆ ಕೊಳವೆಬಾವಿಯೇ ಗತಿ. ಕೊಳವೆಬಾವಿಗೆ ವಿದ್ಯುತ್ತೇ ಗತಿ. ಪಂಪುಸೆಟ್ಟಿನ ಸರದಿ ರಾತ್ರಿಯಲ್ಲಿ ಬಂದರೆ ರೈತನು ಹಾವು ಚೇಳುಗಳ ಭಯವನ್ನು ನುಂಗಿಕೊಂಡು ಕತ್ತಲಲ್ಲಿ ಹೊಲಕ್ಕೆ ನಡೆಯಬೇಕು. ಸಂಜೆ ಓದುವ ಹೊತ್ತಿಗೆ ದೀಪ ಆರಿದರೆ ವಿದ್ಯಾರ್ಥಿಯು ಪುಸ್ತಕ ಮುಚ್ಚಬೇಕು. ಹೀಗಿರಲು, ನೆತ್ತಿಯ ಮೇಲೆ ಸುರಿಯುವ ಬಿಸಿಲನ್ನೇ ಹಿಡಿದು ಹಗಲು ನೀರನ್ನೂ ಇರುಳು ಬೆಳಕನ್ನೂ ಪಡೆಯಲಾಗದೆ? ಈ ಪ್ರಶ್ನೆಯನ್ನು ನಾವಿಲ್ಲಿ ವಿಚಾರಿಸೋಣ.

ವಿದ್ಯುತ್ತಿನ ಉತ್ಪಾದನೆ ಈ ಜಿಲ್ಲೆಗೆ ಹೊಸದಲ್ಲ. ಕೃಷ್ಣೆಯ ದಡದ ಶಕ್ತಿನಗರದಲ್ಲಿ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಕೆಲಸಕ್ಕೆ ತೊಡಗಿತು. ಮುಂದೆ ಅದು ಎಂಟು ಘಟಕಗಳಾಗಿ 1,720 ಮೆಗಾವಾಟಿಗೆ ಬೆಳೆಯಿತು. ಅಲ್ಲಿ ಉರಿಯುವ ಕಲ್ಲಿದ್ದಲಿಗೆ ಒಂದು ಗುಣವುಂಟು: ಅದನ್ನು ರಾಶಿ ಹಾಕಿಟ್ಟು ಬೇಕೆಂದಾಗ ಉರಿಸಬಹುದು. ಬಿಸಿಲನ್ನು ಹಾಗೆ ರಾಶಿ ಹಾಕಲಾಗದು. ಸೌರವಿದ್ಯುತ್ತಿನ ಕಷ್ಟವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಬೆಳಕು ವಿದ್ಯುತ್ತಾಗುವ ಬಗೆ

ಬೆಳಕಿನಿಂದ ವಿದ್ಯುತ್ತು ಹುಟ್ಟಬಲ್ಲುದೆಂಬುದನ್ನು ಫ್ರಾನ್ಸಿನ ಬೆಕೆರಲ್ 1839ರಲ್ಲಿಯೇ ಕಂಡನು. ಆದರೆ ಕೆಲಸಕ್ಕೆ ಬರುವಂತಹ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾದುದು 1954ರಲ್ಲಿ. ಶುದ್ಧ ಸಿಲಿಕಾನಿನ ತೆಳು ಬಿಲ್ಲೆಯ ಒಂದು ಪಕ್ಕಕ್ಕೆ ಅತ್ಯಲ್ಪ ಫಾಸ್ಫರಸ್ಸನ್ನೂ ಇನ್ನೊಂದು ಪಕ್ಕಕ್ಕೆ ಬೋರಾನನ್ನೂ ಬೆರೆಸಿದರೆ, ಎರಡೂ ಕೂಡುವೆಡೆಯಲ್ಲಿ ಒಂದು ವಿದ್ಯುತ್ ಕ್ಷೇತ್ರವು ಏರ್ಪಡುತ್ತದೆ. ಬೆಳಕು ಬಿದ್ದು ಕಳಚಿದ ಎಲೆಕ್ಟ್ರಾನುಗಳನ್ನು ಈ ಕ್ಷೇತ್ರವು ಒಂದೇ ದಿಕ್ಕಿಗೆ ನೂಕುತ್ತದೆ. ಅದೇ ವಿದ್ಯುತ್ಪ್ರವಾಹ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕೋಶಕ್ಕೆ ಬೇಕಾದುದು ಬೆಳಕು, ಕಾವಲ್ಲ. ಫಲಕದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ ಸುಮಾರು ಶೇಕಡ 0.4ರಷ್ಟು ಕುಗ್ಗುತ್ತದೆ. ರಾಯಚೂರಿನ ಬೇಸಗೆಯಲ್ಲಿ ಫಲಕವು 65 ಡಿಗ್ರಿಗೆ ಕಾದಿತೆನ್ನೋಣ. ಆಗ 40 ಡಿಗ್ರಿಯ ಏರಿಕೆಗೆ ಶೇಕಡ 16ರಷ್ಟು ನಷ್ಟ. ಆದುದರಿಂದಲೇ ಫಲಕಗಳ ಹಿಂಬದಿಯಲ್ಲಿ ಗಾಳಿಯಾಡುವಂತೆ ಅವುಗಳನ್ನು ನೆಲದಿಂದ ಎತ್ತರಿಸಿ ನಿಲ್ಲಿಸುತ್ತಾರೆ.

ಬ್ಯಾಟರಿಯೆಂಬ ಕಣಜ

ಧಾನ್ಯಕ್ಕೆ ಕಣಜವಿದ್ದಂತೆ ವಿದ್ಯುತ್ತಿಗೆ ಬ್ಯಾಟರಿ. ಇಂದು ಇಂತಹ ಕೇಂದ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ. ಅದರ ಒಂದು ಧ್ರುವ ಈ ಫಾಸ್ಫೇಟು, ಇನ್ನೊಂದು ಗ್ರಾಫೈಟು. ಬಿಸಿಲಿನ ವಿದ್ಯುತ್ತನ್ನು ತುಂಬುವಾಗ ಲಿಥಿಯಂ ಅಯಾನುಗಳು ಫಾಸ್ಫೇಟನ್ನು ಬಿಟ್ಟು, ನಡುವಣ ದ್ರವವನ್ನು ದಾಟಿ, ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ. ಸಂಜೆ ದೀಪ ಹಚ್ಚಿದಾಗ ಅವು ಬಂದ ದಾರಿಯಲ್ಲಿಯೇ ಹಿಂದಿರುಗುತ್ತವೆ. ಎಲೆಕ್ಟ್ರಾನುಗಳು ಮಾತ್ರ ಹೊರಗಿನ ತಂತಿಯ ಮೂಲಕ ಸುತ್ತಿಬಂದು ನಮ್ಮ ಕೆಲಸವನ್ನು ಮಾಡುತ್ತವೆ. ಲಿಥಿಯಂ ಅಯಾನು ಬ್ಯಾಟರಿಯನ್ನು ರೂಪಿಸಿದುದಕ್ಕಾಗಿ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕ ದೊರೆಯಿತು.

ಬ್ಯಾಟರಿ ಕೊಡುವುದು ಏಕಮುಖ ಪ್ರವಾಹ. ನಮ್ಮ ಮನೆಯ ತಂತಿಗಳಲ್ಲಿರುವುದು ಪರ್ಯಾಯ ಪ್ರವಾಹ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಯಂತ್ರಕ್ಕೆ ಇನ್ವರ್ಟರ್ ಎಂದು ಹೆಸರು.

ಒಂದು ಊರಿನ ಲೆಕ್ಕ

ಮಾನ್ವಿ ಅಥವಾ ದೇವದುರ್ಗ ತಾಲ್ಲೂಕಿನಲ್ಲಿ 600 ಮನೆಗಳ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಅದರ ಪಕ್ಕದ ನಾಲ್ಕೈದು ಎಕರೆಯಲ್ಲಿ 1 ಮೆಗಾವಾಟ್, ಎಂದರೆ 1,000 ಕಿಲೋವಾಟ್, ಸಾಮರ್ಥ್ಯದ ಫಲಕಗಳಿವೆ. ವರ್ಷದ ಸರಾಸರಿಯಲ್ಲಿ ಒಂದು ಕಿಲೋವಾಟಿಗೆ ದಿನಕ್ಕೆ 4.5 ಯೂನಿಟ್ಟು ಎಂದು ಹಿಡಿದರೆ ದಿನದ ಉತ್ಪನ್ನ 4,500 ಯೂನಿಟ್ಟು.

ಸಂಜೆ ಆರರಿಂದ ಹನ್ನೊಂದರವರೆಗೆ ಐದು ಗಂಟೆಗಳ ಕಾಲ ಪ್ರತಿ ಮನೆಯೂ ಸರಾಸರಿ 200 ವಾಟ್ ಬಳಸಿದರೆ 600 ಯೂನಿಟ್ಟು, ಬೀದಿದೀಪ, ಹಿಟ್ಟಿನ ಗಿರಣಿ, ಆಸ್ಪತ್ರೆಗಳಿಗೆ 100, ಒಟ್ಟು 700. ತುಂಬುವಾಗಲೂ ತೆಗೆಯುವಾಗಲೂ ಸ್ವಲ್ಪ ಸೋರಿಹೋಗುವುದರಿಂದ, ನೂರು ಹಾಕಿದರೆ 85 ಮರಳಿ ಬರುವುದೆಂದು ಎಣಿಸೋಣ. ಆಗ 700 ಯೂನಿಟ್ಟು ಪಡೆಯಲು ಸುಮಾರು 825 ಯೂನಿಟ್ಟನ್ನು ತುಂಬಬೇಕು.

ಈ ಕಣಜ ಎಷ್ಟು ದೊಡ್ಡದು? 3.2 ವೋಲ್ಟು, 280 ಆಂಪಿಯರ್-ಗಂಟೆಯ ಒಂದು ಕೋಶದಲ್ಲಿ ಹಿಡಿಯುವುದು 896 ವಾಟ್-ಗಂಟೆ. ಇಂತಹ 250 ಕೋಶಗಳನ್ನು ಸಾಲಾಗಿ ಜೋಡಿಸಿದರೆ 800 ವೋಲ್ಟು. ಅಂತಹ ನಾಲ್ಕು ಸಾಲುಗಳಿಗೆ ಒಟ್ಟು 896 ಯೂನಿಟ್ಟು. ಬ್ಯಾಟರಿಯನ್ನು ತಳದವರೆಗೆ ಬರಿದುಮಾಡದೆ ಶೇಕಡ 80ರಷ್ಟನ್ನು ಬಳಸಿದರೂ ನಮ್ಮ 700 ಯೂನಿಟ್ಟು ದೊರೆಯಿತು. ದಪ್ಪ ನಿಘಂಟಿನಷ್ಟು ಗಾತ್ರದ ಒಂದು ಸಾವಿರ ಕೋಶಗಳು ಇಡೀ ಊರಿನ ಸಂಜೆಯನ್ನು ಹೊತ್ತವು! ಕಲ್ಲಿದ್ದಲಿನಿಂದ ಇಷ್ಟನ್ನು ಪಡೆಯಬೇಕಾದರೆ, ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಮಿನಂತೆ ಪ್ರತಿ ಸಂಜೆಯೂ ಅರ್ಧ ಟನ್ನಿನಷ್ಟನ್ನು ಉರಿಸಬೇಕಾಗುವುದು.

ಹಗಲಿಗೆ ಉಳಿದುದು 3,675 ಯೂನಿಟ್ಟು. ಐದು ಅಶ್ವಶಕ್ತಿಯ ಪಂಪು ಸುಮಾರು 4.4 ಕಿಲೋವಾಟನ್ನು ಎಳೆಯುತ್ತದೆ. ಆರು ಗಂಟೆಗೆ 26.4 ಯೂನಿಟ್ಟು. ಕಾಗದದ ಮೇಲೆ ಇದು 139 ಪಂಪುಗಳಿಗೆ ಸಾಲುತ್ತದೆ. ಬೆಳಗ್ಗೆ ಮತ್ತು ಸಂಜೆ ಬಿಸಿಲು ಎಳೆಯದಾಗಿರುವುದರಿಂದ ನೂರು ಪಂಪುಗಳೆಂದು ಎಣಿಸುವುದು ಕ್ಷೇಮ. ನೀರು ಹಗಲಿನಲ್ಲಿಯೇ ಹರಿಯಿತು, ರೈತನ ರಾತ್ರಿಯ ನಡಿಗೆ ತಪ್ಪಿತು.

ಕೆಲವು ನಿದರ್ಶನಗಳು

ರಾಯಚೂರು ಜಿಲ್ಲೆಯ ಯಾಪಲದಿನ್ನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು 3 ಮೆಗಾವಾಟಿನ ಸೌರಸ್ಥಾವರವನ್ನು ಬಹು ಮೊದಲೇ ಕಟ್ಟಿತು. ಅದು ವಿದ್ಯುಜ್ಜಾಲಕ್ಕೆ ಜೋಡಿಸಿದ ಸ್ಥಾವರ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರೋದ್ಯಾನವು 2019ರ ಕೊನೆಗೆ ಪೂರ್ಣವಾಯಿತು. ಬ್ಯಾಟರಿಯೊಡಗೂಡಿದ ಗ್ರಾಮಕ್ಕೆ ಗುಜರಾತಿನ ಮೊಢೇರಾ ಒಳ್ಳೆಯ ನಿದರ್ಶನ: ಅಲ್ಲಿ 6 ಮೆಗಾವಾಟಿನ ಫಲಕಗಳಿಗೆ 15,000 ಯೂನಿಟ್ಟಿನ ಬ್ಯಾಟರಿಯನ್ನು ಜೋಡಿಸಿ, 2022ರ ಅಕ್ಟೋಬರಿನಲ್ಲಿ ಅದನ್ನು ಹಗಲಿರುಳೂ ಸೌರಶಕ್ತಿಯ ಗ್ರಾಮವೆಂದು ಸಾರಿದರು.

ಮಿತಿಗಳು

ನಮ್ಮ ಬ್ಯಾಟರಿ ಒಂದು ಸಂಜೆಯನ್ನು ದಾಟಿಸಬಲ್ಲುದು, ಮಳೆಗಾಲವನ್ನಲ್ಲ. ನಾಲ್ಕು ದಿನ ಮೋಡ ಕವಿದರೆ ನಾಲ್ಕು ಪಟ್ಟು ಬ್ಯಾಟರಿ ಬೇಕಾಗುವುದು. ಆ ವೆಚ್ಚವನ್ನು ಹೊರುವುದಕ್ಕಿಂತ ವಿದ್ಯುಜ್ಜಾಲದ ನಂಟನ್ನು ಉಳಿಸಿಕೊಳ್ಳುವುದೇ ಜಾಣತನ. ಬ್ಯಾಟರಿಗೂ ಕಾವು ಶತ್ರು. ಅದನ್ನು ತಂಪಾಗಿಡಲು ಸ್ವಲ್ಪ ವಿದ್ಯುತ್ತು ಖರ್ಚಾಗುತ್ತದೆ. ಕೋಶ ಅತಿಯಾಗಿ ಕಾದರೆ ಬೆಂಕಿಯ ಅಪಾಯವಿರುವುದರಿಂದ ಅದರ ಉಷ್ಣತೆಯನ್ನೂ ವೋಲ್ಟನ್ನೂ ಸದಾ ಕಾಯುತ್ತಿರಬೇಕು. ಎರೆನೆಲದ ಧೂಳು ಫಲಕಗಳ ಮೇಲೆ ಕುಳಿತರೆ ಬೆಳಕು ತಡೆಯುತ್ತದೆ; ತೊಳೆಯಲು ನೀರು ಬೇಕು, ನೀರೋ ಇಲ್ಲಿ ಅಪರೂಪ.

ಎಲ್ಲಕ್ಕೂ ಮಿಗಿಲಾದುದು ನೆಲದ ಪ್ರಶ್ನೆ. ಪಾವಗಡದಲ್ಲಿ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಒಡೆಯನಿಗೆ ಮಳೆ ತಪ್ಪಿದರೂ ತಪ್ಪದ ಆದಾಯವಾಯಿತು. ಆದರೆ ಆ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂರಹಿತ ಕೂಲಿಗಾರನಿಗೆ ಗುತ್ತಿಗೆಯ ಹಣವಿಲ್ಲ. ದೀಪದ ಲೆಕ್ಕವನ್ನು ಹಾಕುವಾಗ ಈ ಲೆಕ್ಕವನ್ನು ಮರೆಯಲಾಗದು. ಬೆಳೆಯುವ ನೆಲವನ್ನು ಬಿಟ್ಟು ಬಂಜರು ನೆಲ, ಶಾಲೆಯ ಮಾಳಿಗೆ, ಮನೆಯ ಮಾಳಿಗೆಗಳನ್ನು ಮೊದಲು ಹುಡುಕುವುದು ಲೇಸು.

ವಿದ್ಯಾರ್ಥಿಗಳು ತಮ್ಮ ಊರಿನ ಮನೆಗಳೆಷ್ಟು, ಪಂಪುಗಳೆಷ್ಟು, ಸಂಜೆ ಯಾವ ಹೊತ್ತಿಗೆ ಎಷ್ಟು ದೀಪಗಳು ಉರಿಯುತ್ತವೆ ಎಂಬುದನ್ನು ಒಂದು ವಾರ ಬರೆದಿಟ್ಟು, ಮೇಲಿನ ಲೆಕ್ಕವನ್ನು ತಾವೇ ಹಾಕಿನೋಡಲಿ. ಎಷ್ಟು ಫಲಕ ಬೇಕು, ಎಷ್ಟು ಬ್ಯಾಟರಿ ಸಾಕು, ಅವನ್ನು ಯಾರ ನೆಲದಲ್ಲಿ ನಿಲ್ಲಿಸಬೇಕು ಎಂಬುದನ್ನು ಊರವರೇ ಅರಿತು ಕೇಳುವಂತಾದರೆ, ಎಡೆದೊರೆಯ ಬಿಸಿಲು ಊರಿನ ಸೊತ್ತಾಗುವುದು.