ಲಾಭ ಪುಸ್ತಕದಲ್ಲಿ, ದುಡ್ಡು ಎಲ್ಲಿ?

ಸಣ್ಣ ಉದ್ಯಮಗಳ ಲೆಕ್ಕ ಬರೆಯುವುದೇ ನನ್ನ ಕಸುಬು. ಮೊದಲು ದುಬೈನ ದೇರಾದಲ್ಲಿ, ಈಗ ಬೆಂಗಳೂರಿನ ಪೀಣ್ಯದಲ್ಲಿ. ಗಿರಾಕಿ ಇಲ್ಲದೆ ಮುಚ್ಚಿದವರಿಗಿಂತ, ಗಿರಾಕಿ ಇದ್ದೂ ದುಡ್ಡು ಹೊತ್ತಿಗೆ ಕೈಸೇರದೆ ಮುಚ್ಚಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಪೀಣ್ಯದ ಒಂದು ವರ್ಕ್‌ಶಾಪ್ ನೋಡಿ. ಎರಡು ಶಿಫ್ಟ್ ಕೆಲಸ, ಲೇತ್‌ಗಳಿಗೆ ಬಿಡುವಿಲ್ಲ. ಕಚ್ಚಾಮಾಲಿಗೆ ನಗದು ಎಣಿಸಬೇಕು, ಏಳನೇ ತಾರೀಕಿಗೆ ಸಂಬಳ, ಬಿಲ್ ಮಾಡಿದ ಮರುತಿಂಗಳೇ ಜಿಎಸ್‌ಟಿ. ದೊಡ್ಡ ಕಂಪನಿಯ ದುಡ್ಡು ಮಾತ್ರ 90 ದಿನ ಕಳೆದ ಮೇಲೆ. ಬಾರದ ದುಡ್ಡಿಗೂ ಮಾಲೀಕ ಕೈಯಿಂದಲೇ ತೆರಿಗೆ ಕಟ್ಟುತ್ತಾನೆ. ಆರ್ಡರ್ ಹೆಚ್ಚಿದಷ್ಟೂ ಓವರ್‌ಡ್ರಾಫ್ಟ್ ಹೆಚ್ಚುತ್ತದೆ.

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? 2024ರ ಏಪ್ರಿಲ್‌ನಲ್ಲಿ ಜಾರಿಯಾದ ಆದಾಯ ತೆರಿಗೆ ನಿಯಮ ಮಾತ್ರ ಸರಿಯಾದ ಜಾಗದಲ್ಲಿ ಹಿಡಿಯಿತು: ಗಡುವು ಮೀರಿದ ಬಾಕಿಯನ್ನು ತೀರಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಈಗ ಮಾರ್ಚ್ ಬಂತೆಂದರೆ ಬಾಕಿ ಎಷ್ಟೆಂದು ಕಂಪನಿಯವರೇ ಫೋನ್ ಮಾಡುತ್ತಾರೆ.

ದುಬೈನಲ್ಲಿ ಅಂಗಡಿ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್‌ಗಳನ್ನು ಮೊದಲೇ ಬರೆದುಕೊಡುವುದು ರೂಢಿ. ನಮ್ಮ ಪಕ್ಕದ ಹಾರ್ಡ್‌ವೇರ್ ಅಂಗಡಿಯವನಿಗೆ ವ್ಯಾಪಾರ ಜೋರಾಗಿತ್ತು, ಕಂಟ್ರಾಕ್ಟರ್‌ಗಳಿಗೆಲ್ಲ ಉದ್ರಿ ಕೊಟ್ಟಿದ್ದ. ಚೆಕ್ಕಿನ ತಾರೀಕು ಬಂತು, ಉದ್ರಿ ವಸೂಲಾಗಲಿಲ್ಲ. ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ಬೌನ್ಸ್ ಆದರೆ ಆಗ ಪೊಲೀಸ್ ಕೇಸು. ಆ ನಿಯಮ ಸಡಿಲವಾದದ್ದು 2022ರ ಜನವರಿಯಲ್ಲಿ. ಅವನು ರಾತ್ರೋರಾತ್ರಿ ಷಟರ್ ಎಳೆದು ಊರಿಗೆ ಹೊರಟುಹೋದ. ಪೀಣ್ಯದಲ್ಲಿ ವರ್ಷಗಟ್ಟಲೆ ಏಗಿ ಸೋಲುತ್ತಾರೆ, ಅಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ.

ನನ್ನ ಕ್ಲೈಂಟ್ ಒಬ್ಬರು ಜರ್ಮನಿಗೆ ಬಿಡಿಭಾಗ ಕಳಿಸುತ್ತಾರೆ. ಅಲ್ಲಿ ‘ಸ್ಕೊಂಟೊ’ ಪದ್ಧತಿ ಇದೆ: ಹತ್ತು-ಹದಿನಾಲ್ಕು ದಿನದೊಳಗೆ ಬಿಲ್ ತೀರಿಸಿದವನಿಗೆ ಸಾಮಾನ್ಯವಾಗಿ ಶೇ 2 ರಿಯಾಯಿತಿ. ನಮ್ಮವರು ಇದನ್ನು ನಷ್ಟವೆಂದುಕೊಳ್ಳುತ್ತಾರೆ. ವರ್ಷಕ್ಕೆ ಶೇ 12ರ ಓವರ್‌ಡ್ರಾಫ್ಟಿಗೆ 90 ದಿನದ ಬಡ್ಡಿಯೇ ಹೆಚ್ಚುಕಡಿಮೆ ಶೇ 3. ಎರಡು ಬಿಟ್ಟುಕೊಟ್ಟರೂ ಒಂದಿಷ್ಟು ಉಳಿಯಿತಲ್ಲ!

ಹೊಸದಾಗಿ ಉದ್ಯಮಕ್ಕಿಳಿಯುವ ಹುಡುಗರು ಬಂದರೆ, ಲಾಭದ ಮಾತಿಗೆ ಮುಂಚೆ ಎರಡು ಪಟ್ಟಿ ಬರೆಸುತ್ತೇನೆ: ದುಡ್ಡು ಹೋಗುವ ತಾರೀಕು, ಬರುವ ತಾರೀಕು. ನಡುವಿನ ಅಂತರ ತಡೆಯುವಷ್ಟು ಬಂಡವಾಳ ಕೈಯಲ್ಲಿದ್ದರೆ ದೊಡ್ಡ ಆರ್ಡರ್ ಹಿಡಿಯಲಿ. ಇಲ್ಲವಾದರೆ, ವಾರದೊಳಗೆ ದುಡ್ಡು ಕೊಡುವ ಸಣ್ಣ ಗಿರಾಕಿಯೇ ವಾಸಿ.